ಪ್ರಾಚೀನ ಪಾಶ್ಚಾತ್ಯ ಉದ್ಯಾನಶೈಲಿಯಲ್ಲಿ ಆಧುನಿಕ ಭೂದೃಶ್ಯ ವಿನ್ಯಾಸ: ಬೆಂಗಳೂರಿನ ಹೊರವಲಯಕ್ಕೆ ಸೂಕ್ತ ಕ್ರಮಗಳು

ಪೀಠಿಕೆ

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಗೂ ಪೀಣ್ಯ ಪ್ರದೇಶಗಳಲ್ಲಿ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳು, ಕಾರ್ಖಾನೆಗಳು ಮತ್ತು ವಸತಿ ಸಮುಚ್ಚಯಗಳು ತಮ್ಮ ಆವರಣಗಳಿಗೆ ರೋಮನ್ ಅಥವಾ ಇಟಾಲಿಯನ್ ಮಾದರಿಯ ಉದ್ಯಾನಗಳನ್ನು ಬಯಸುವುದುಂಟು. ನೇರವಾದ ಹಾದಿಗಳು, ಎರಡೂ ಬದಿಗೆ ಸಮನಾಗಿ ಸವರಿದ ಬೇಲಿಗಳು, ನಡುವೆ ನೀರಿನ ಕೊಳ, ಕಂಬಸಾಲು, ಚಪ್ಪರ ಇವು ಈ ಶೈಲಿಯ ಮುಖ್ಯ ಲಕ್ಷಣಗಳು. ಇಂತಹ ಉದ್ಯಾನಗಳಿಗೆ ಬೇಕಾಗುವ ಸಸಿ, ಹುಲ್ಲುಹಾಸು, ಮಣ್ಣು ಮತ್ತು ಗೊಬ್ಬರದ ಬಹುಪಾಲು ಸುತ್ತಲಿನ ತಾಲ್ಲೂಕುಗಳ ರೈತರ ಜಮೀನುಗಳಿಂದ ಬರುತ್ತದೆ. ಉದ್ಯಾನಕ್ಕೆ ಹರಿಸುವ ನೀರೂ ಅದೇ ಅಂತರ್ಜಲಕ್ಕೆ ಸೇರಿದ್ದು. ಆದ್ದರಿಂದ ಈ ವಿನ್ಯಾಸದ ಆಯ್ಕೆ ಕೇವಲ ಸೌಂದರ್ಯದ ಪ್ರಶ್ನೆಯಲ್ಲ. ಅದು ರೈತರ ಮಣ್ಣು ಮತ್ತು ನೀರಿನ ಪ್ರಶ್ನೆಯೂ ಹೌದು.

ಪ್ರಾಚೀನ ಪಾಶ್ಚಾತ್ಯ ಉದ್ಯಾನದಿಂದ ನಾವು ಪಡೆಯಬೇಕಾದುದು ಅದರ ಕ್ರಮಬದ್ಧತೆ, ನೆರಳಿನ ಜಾಣ್ಮೆ ಮತ್ತು ನೀರಿನ ಶಿಸ್ತನ್ನು. ಅಲ್ಲಿನ ಗಿಡಗಳ ಪಟ್ಟಿಯನ್ನಲ್ಲ ಎಂಬುದು ಈ ಲೇಖನದ ಸಾರ. ರೈತರು, ಸಸ್ಯಪಾಲಕರು ಮತ್ತು ವಿಸ್ತರಣಾ ಕಾರ್ಯಕರ್ತರು ಅನುಸರಿಸಬಹುದಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಪ್ರಾಚೀನ ಉದ್ಯಾನಗಳ ಸ್ವರೂಪ

ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೆ ನಗರದ ಉತ್ಖನನದಿಂದ ರೋಮನ್ ಮನೆಗಳ ಉದ್ಯಾನಗಳು ಹೇಗಿದ್ದವೆಂಬುದು ಸ್ಪಷ್ಟವಾಗಿ ತಿಳಿದುಬಂದಿದೆ. ವಿಲ್ಹೆಲ್ಮಿನಾ ಜಶೆಮ್‌ಸ್ಕಿ ಎಂಬ ಸಂಶೋಧಕಿ, ಬೇರುಗಳು ಕೊಳೆತು ಮಣ್ಣಿನಲ್ಲಿ ಉಳಿದ ಪೊಳ್ಳುಗಳಿಗೆ ಸಿಮೆಂಟ್ ತುಂಬಿ, ಯಾವ ಜಾಗದಲ್ಲಿ ಯಾವ ಬಗೆಯ ಗಿಡವಿತ್ತೆಂಬುದನ್ನು ಗುರುತಿಸಿದರು. ಆ ಉದ್ಯಾನಗಳಲ್ಲಿ ಅಲಂಕಾರದ ಗಿಡಗಳ ಜೊತೆಗೆ ಹಣ್ಣಿನ ಮರಗಳೂ ಇದ್ದವು. ನಗರದ ಗೋಡೆಯೊಳಗೇ ದ್ರಾಕ್ಷಿತೋಟವಿತ್ತು. ವಿಶಾಲವಾದ ಹುಲ್ಲುಹಾಸು ಆ ಉದ್ಯಾನಗಳ ಲಕ್ಷಣವಲ್ಲ. ಇಂದು ‘ಪಾಶ್ಚಾತ್ಯ ಉದ್ಯಾನ’ ಎಂದೊಡನೆ ಕಣ್ಣಮುಂದೆ ಬರುವ ಹಸಿರು ಹಾಸು ಬಹಳ ನಂತರದ, ತಂಪು ಮತ್ತು ಮಳೆ ಹೆಚ್ಚಿರುವ ಉತ್ತರ ಯೂರೋಪಿನ ಕೊಡುಗೆ.

ರೋಮನ್ ಮನೆಯ ನಡುವೆ ತೆರೆದ ಚಾವಣಿಯಿದ್ದು, ನಾಲ್ಕೂ ಕಡೆಯ ಮಾಡಿನ ಮಳೆನೀರು ನಡುವಿನ ತೊಟ್ಟಿಗೆ ಬಿದ್ದು ಅಲ್ಲಿಂದ ನೆಲದಡಿಯ ಸಂಗ್ರಹಕ್ಕೆ ಸೇರುತ್ತಿತ್ತು. ನಮ್ಮ ಹಳೆಯ ತೊಟ್ಟಿ ಮನೆಯನ್ನು ಕಂಡವರಿಗೆ ಈ ವ್ಯವಸ್ಥೆ ಅಪರಿಚಿತವಲ್ಲ. ಅದರ ಹಿಂದಿನ ಅಂಗಳದ ಸುತ್ತ ಕಂಬಸಾಲಿನ ಜಗಲಿ, ನಡುವೆ ಸಮನಾಗಿ ವಿಂಗಡಿಸಿದ ಪಾತಿಗಳು ಇರುತ್ತಿದ್ದವು. ಮೊದಲನೆಯ ಶತಮಾನದಲ್ಲಿ ಕೃಷಿಯ ಕುರಿತು 12 ಸಂಪುಟಗಳನ್ನು ಬರೆದ ಕೊಲುಮೆಲ್ಲಾ ಅದರ ಹತ್ತನೆಯ ಸಂಪುಟವನ್ನು ಕೈತೋಟಕ್ಕೆಂದೇ ಮೀಸಲಿಟ್ಟು ಪದ್ಯರೂಪದಲ್ಲಿ ರಚಿಸಿದನು. ಉದ್ಯಾನ ಮತ್ತು ಕೃಷಿ ಬೇರೆ ಬೇರೆ ಎಂಬ ಭಾವನೆ ಆ ಕಾಲದಲ್ಲಿ ಬಲವಾಗಿರಲಿಲ್ಲ.

ನೀರಿನ ಮಿತಿಯನ್ನು ಮರೆತ ಉದ್ಯಾನದ ಉದಾಹರಣೆಯೂ ಇತಿಹಾಸದಲ್ಲಿದೆ. 17ನೇ ಶತಮಾನದಲ್ಲಿ ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಕಾರಂಜಿಗಳಿಗಾಗಿ ಸೀನ್ ನದಿಯಿಂದ ನೀರೆತ್ತುವ ಬೃಹತ್ ಯಂತ್ರವನ್ನೇ ಸ್ಥಾಪಿಸಿದರೂ ನೀರು ಸಾಲಲಿಲ್ಲ. ದೊರೆ ಹಾದುಹೋಗುವ ಕಡೆ ಮಾತ್ರ ಕಾರಂಜಿ ಚಿಮ್ಮಿಸಿ, ಅವನು ಮುಂದೆ ಸಾಗಿದೊಡನೆ ನಿಲ್ಲಿಸಬೇಕಾಗುತ್ತಿತ್ತು.

ಕರ್ನಾಟಕದಲ್ಲಿ ಈ ಶೈಲಿ

ನಮ್ಮ ರಾಜ್ಯಕ್ಕೆ ಕ್ರಮಬದ್ಧ ಉದ್ಯಾನ ಹೊಸದಲ್ಲ. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಲಾಲ್‌ಬಾಗ್ ಮೊಘಲ್ ಮಾದರಿಯ ಚೌಕ ವಿಂಗಡಣೆಯಿಂದ ಪ್ರೇರಿತವಾಗಿತ್ತು. 1868ರಲ್ಲಿ ಪೂರ್ಣಗೊಂಡ ಅಠಾರಾ ಕಚೇರಿಯ ಗ್ರೀಕ್-ರೋಮನ್ ಶೈಲಿಯ ಕಂಬಗಳು ಹಾಗೂ 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನ ಬೆಂಗಳೂರಿಗೆ ಪಾಶ್ಚಾತ್ಯ ವಿನ್ಯಾಸವನ್ನು ಪರಿಚಯಿಸಿದವು. ಜರ್ಮನಿಯಲ್ಲಿ ಜನಿಸಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜಿ.ಎಚ್. ಕ್ರುಂಬಿಗಲ್ ಅವರು ಯೂರೋಪಿನ ವಿನ್ಯಾಸದ ಅರಿವನ್ನು ಇಲ್ಲಿನ ಹವೆಗೆ ಹೊಂದಿಸಿದರು. ವರ್ಷದ ಒಂದಲ್ಲ ಒಂದು ತಿಂಗಳಲ್ಲಿ ಯಾವುದಾದರೊಂದು ಸಾಲುಮರ ಹೂ ಬಿಟ್ಟಿರುವಂತೆ ಮರಗಳನ್ನು ಆಯ್ದು ನೆಡುವ ಅವರ ಕ್ರಮವನ್ನು ಬೆಂಗಳೂರಿನ ರಸ್ತೆಗಳಲ್ಲಿ ಇಂದಿಗೂ ಕಾಣಬಹುದು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ 1927ರಲ್ಲಿ ಆರಂಭವಾಗಿ 1932ರಲ್ಲಿ ಪೂರ್ಣಗೊಂಡ ಬೃಂದಾವನ ಉದ್ಯಾನದ ವಿನ್ಯಾಸದಲ್ಲಿಯೂ ಕ್ರುಂಬಿಗಲ್ ಅವರ ಪಾತ್ರವಿತ್ತು. ಆದರೆ ಬೃಂದಾವನ ಇರುವುದು ಅಣೆಕಟ್ಟೆಯ ಕೆಳಗೆ. ಬೆಂಗಳೂರು ಇರುವುದು ಎತ್ತರದ ದಿಣ್ಣೆಯ ಮೇಲೆ. ಒಂದರ ನೀರಿನ ಲೆಕ್ಕ ಮತ್ತೊಂದಕ್ಕೆ ಹೊಂದುವುದಿಲ್ಲ.

ಇತ್ತೀಚಿನ ಉದಾಹರಣೆಯೆಂದರೆ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ 2009ರಲ್ಲಿ ಉದ್ಘಾಟನೆಗೊಂಡ ತರಬೇತಿ ಕೇಂದ್ರದ ಕಟ್ಟಡ. ಗ್ರೀಕ್-ರೋಮನ್ ಮಾದರಿಯ ಕಂಬಸಾಲು ಅದರ ವೈಶಿಷ್ಟ್ಯ. ಇಂತಹ ಕಟ್ಟಡಗಳು ಬಂದಾಗ ಅವುಗಳ ಮುಂದೆ ಅದೇ ಶೈಲಿಯ ಉದ್ಯಾನವೂ ಬೇಕೆನಿಸುವುದು ಸಹಜ.

ಹೊರವಲಯದ ಮೂರು ಪ್ರದೇಶಗಳು

ವೈಟ್‌ಫೀಲ್ಡ್ ಮೂಲತಃ ಕೃಷಿ ವಸಾಹತು. 1882ರಲ್ಲಿ ಮೈಸೂರಿನ ಹತ್ತನೇ ಚಾಮರಾಜ ಒಡೆಯರ್ ಅವರು ಯುರೇಷಿಯನ್ ಹಾಗೂ ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ನೀಡಿದರು. ವೃತ್ತಾಕಾರದ ಊರಿನ ವಿನ್ಯಾಸ, ಸುತ್ತ ತೋಟ ಮತ್ತು ಹೊಲ ಎಂಬುದು ಅದರ ಮೂಲ ಕಲ್ಪನೆ. ಇನ್ನರ್ ಸರ್ಕಲ್ ಎಂಬ ಹೆಸರು ಅದರ ಕುರುಹಾಗಿ ಉಳಿದಿದೆ. ಈ ಭಾಗದ ಮಳೆನೀರು ವರ್ತೂರು ಕೆರೆಯತ್ತ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ.

ಎಲೆಕ್ಟ್ರಾನಿಕ್ ಸಿಟಿಯನ್ನು 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಸ್ಥಾಪಿಸಿತು. ಪೀಣ್ಯವು ಸಣ್ಣ ಹಾಗೂ ಮಧ್ಯಮ ಕೈಗಾರಿಕೆಗಳ ನೆಲೆ. ಇಲ್ಲಿನ ಲೋಹಲೇಪನ ಮುಂತಾದ ಘಟಕಗಳ ಕಾರಣ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಮಾಲಿನ್ಯ ದಾಖಲಾಗಿದೆ. ಪೀಣ್ಯದ ನೀರು ವೃಷಭಾವತಿ ಕಣಿವೆಗೆ ಇಳಿಯುತ್ತದೆ. ಅದೇ ನೀರನ್ನು ಬಿಡದಿ ಸಮೀಪದ ಬೈರಮಂಗಲ ಕೆರೆಯ ಅಚ್ಚುಕಟ್ಟಿನ ರೈತರು ಬೆಳೆಗಳಿಗೆ ಬಳಸುತ್ತಾರೆ. ಮೇಲಿನ ಆವರಣದಲ್ಲಿ ಚೆಲ್ಲಿದ್ದು ಕೆಳಗಿನ ಗದ್ದೆಯನ್ನು ತಲುಪುತ್ತದೆ ಎಂಬುದನ್ನು ವಿನ್ಯಾಸಕಾರರು ಗಮನದಲ್ಲಿಡಬೇಕು.

ಮೂರೂ ಪ್ರದೇಶಗಳು ಪೂರ್ವ ಒಣ ವಲಯಕ್ಕೆ ಸೇರಿವೆ. ಸಮುದ್ರಮಟ್ಟದಿಂದ ಎತ್ತರ ಸುಮಾರು 900 ಮೀಟರ್. ವಾರ್ಷಿಕ ಮಳೆ ಸುಮಾರು 900 ಮಿ.ಮೀ. ಅಥವಾ ತುಸು ಹೆಚ್ಚು. ರೋಮ್ ನಗರದ ವಾರ್ಷಿಕ ಮಳೆಯೂ ಇದಕ್ಕೆ ಹತ್ತಿರವೇ ಇದೆ. ಆದರೆ ಅಲ್ಲಿ ಮಳೆ ಶರತ್ಕಾಲ ಮತ್ತು ಚಳಿಗಾಲದಲ್ಲಿ ಬಂದು ಬೇಸಿಗೆ ಒಣಗಿರುತ್ತದೆ. ಇಲ್ಲಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆಯಿದ್ದು ಜನವರಿಯಿಂದ ಏಪ್ರಿಲ್‌ವರೆಗೆ ಒಣಹವೆ ಇರುತ್ತದೆ. ಬಿಸಿ ಮತ್ತು ತೇವ ಒಟ್ಟಿಗೆ ಬರುವ ನಮ್ಮ ಮಳೆಗಾಲದಲ್ಲಿ ಮೆಡಿಟರೇನಿಯನ್ ಪ್ರದೇಶದ ಲ್ಯಾವೆಂಡರ್, ಆಲಿವ್ ಮೊದಲಾದವು ಬೇರುಕೊಳೆ ಮತ್ತು ಶಿಲೀಂಧ್ರ ರೋಗಗಳಿಗೆ ತುತ್ತಾಗುತ್ತವೆ. ಇದೇ ಕಾರಣದಿಂದ ಗಿಡಗಳ ಪಟ್ಟಿಯನ್ನು ಬದಲಿಸುವುದು ಅನಿವಾರ್ಯ.

ನೀರಿನ ಲೆಕ್ಕ: ವಿನ್ಯಾಸದ ಮೊದಲ ಹೆಜ್ಜೆ

ನಕ್ಷೆ ಬರೆಯುವ ಮೊದಲು ನೀರಿನ ಲೆಕ್ಕ ಬರೆಯಬೇಕು. 2024ರ ಮಾರ್ಚ್ ತಿಂಗಳಲ್ಲಿ ನೀರಿನ ಅಭಾವದ ಸಂದರ್ಭದಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂ. ದಂಡ ವಿಧಿಸುವುದಾಗಿ ಆದೇಶಿಸಿತು. ಸುಮಾರು 100 ಕಿ.ಮೀ. ದೂರದಿಂದ ಪಂಪು ಮಾಡಿ ತರುವ ಕಾವೇರಿ ನೀರನ್ನು ಹುಲ್ಲಿಗೆ ಹರಿಸುವುದು ಯಾವ ಕಾಲದಲ್ಲಿಯೂ ಸಮರ್ಥನೀಯವಲ್ಲ.

ಒಂದು ಎಕರೆ ಅಂದರೆ ಸುಮಾರು 4,000 ಚದರ ಮೀಟರ್ ಆವರಣವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪೂರ್ತಿ ಹುಲ್ಲುಹಾಸು ಮಾಡಿದರೆ ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರ್‌ನಂತೆ 20,000 ಲೀಟರ್ ನೀರು ಬೇಕು. ಮಳೆಯಿಲ್ಲದ 100 ದಿನಗಳಿಗೆ ಇದು 20 ಲಕ್ಷ ಲೀಟರ್ ಆಗುತ್ತದೆ.

ಅದೇ ಜಾಗವನ್ನು ಪ್ರಾಚೀನ ಉದ್ಯಾನದ ಕ್ರಮದಲ್ಲಿ ವಿಂಗಡಿಸಿದರೆ ದಿನದ ಲೆಕ್ಕ ಹೀಗಿರುತ್ತದೆ:

• ಹುಲ್ಲುಹಾಸು 400 ಚ.ಮೀ.: 2,000 ಲೀಟರ್
• ಬೇಲಿ ಮತ್ತು ಪೊದೆಗಿಡಗಳ ಪಾತಿ 1,200 ಚ.ಮೀ., ಹನಿ ನೀರಾವರಿಯಲ್ಲಿ ಚ.ಮೀ.ಗೆ 2 ಲೀಟರ್‌ನಂತೆ: 2,400 ಲೀಟರ್
• ಮರಗಳು ಮತ್ತು ಚಪ್ಪರ 1,200 ಚ.ಮೀ., 40 ಗಿಡಗಳಿಗೆ ತಲಾ 20 ಲೀಟರ್: 800 ಲೀಟರ್
• ಕೊಳ 60 ಚ.ಮೀ., ಆವಿಯಾಗುವ ನೀರು: ಸುಮಾರು 360 ಲೀಟರ್
• ಕಲ್ಲುಹಾಸಿನ ಹಾದಿ ಮತ್ತು ಅಂಗಳ 1,140 ಚ.ಮೀ.: ನೀರಿನ ಅಗತ್ಯವಿಲ್ಲ

ಒಟ್ಟು ದಿನಕ್ಕೆ ಸುಮಾರು 5,600 ಲೀಟರ್. ಅಂದರೆ ಪೂರ್ತಿ ಹುಲ್ಲುಹಾಸಿಗೆ ಬೇಕಾಗುವುದರ ನಾಲ್ಕನೇ ಒಂದು ಭಾಗಕ್ಕಿಂತ ತುಸು ಹೆಚ್ಚು.

ಈ ನೀರು ಎಲ್ಲಿಂದ ಬರಬೇಕು? ಕಚೇರಿಯಲ್ಲಿ ಒಬ್ಬ ವ್ಯಕ್ತಿಗೆ ದಿನಕ್ಕೆ 45 ಲೀಟರ್ ನೀರಿನ ಬಳಕೆಯೆಂದು ಅಂದಾಜಿಸುವುದು ರೂಢಿ. ಅದರ ಶೇ. 80ರಷ್ಟು ತ್ಯಾಜ್ಯನೀರಾಗುತ್ತದೆ ಎಂದರೆ 36 ಲೀಟರ್. 400 ಜನರ ಕಚೇರಿಯಿಂದ 14,400 ಲೀಟರ್ ತ್ಯಾಜ್ಯನೀರು ಶುದ್ಧೀಕರಣ ಘಟಕಕ್ಕೆ ಬರುತ್ತದೆ. ಅರ್ಧದಷ್ಟನ್ನು ಶೌಚಾಲಯಗಳಿಗೆ ಮರುಬಳಸಿದರೂ ಉಳಿದ ನೀರು ಮೇಲಿನ ಉದ್ಯಾನಕ್ಕೆ ಸಾಕು. ಪೂರ್ತಿ ಹುಲ್ಲುಹಾಸಿಗೆ ಸಾಲದು. ಕೊರತೆಯನ್ನು ತುಂಬಲು ಕೊಳವೆಬಾವಿ ಅಥವಾ ಟ್ಯಾಂಕರನ್ನೇ ಅವಲಂಬಿಸಬೇಕಾಗುತ್ತದೆ. ಟ್ಯಾಂಕರ್ ನೀರು ಹೆಚ್ಚಾಗಿ ನೆರೆಯ ಹಳ್ಳಿಯ ಕೊಳವೆಬಾವಿಯದು.

ಚಾವಣಿಯ ಮಳೆನೀರನ್ನೂ ಲೆಕ್ಕಕ್ಕೆ ಸೇರಿಸಬೇಕು. 1,000 ಚ.ಮೀ. ಚಾವಣಿಯಿಂದ 900 ಮಿ.ಮೀ. ಮಳೆಗೆ, ಶೇ. 80ರಷ್ಟು ದೊರೆತರೂ, ವರ್ಷಕ್ಕೆ 7.2 ಲಕ್ಷ ಲೀಟರ್ ಸಿಗುತ್ತದೆ. ಒಂದೂವರೆ ಲಕ್ಷ ಲೀಟರ್ ಸಂಗ್ರಹಕ್ಕೆ ನೆಲತೊಟ್ಟಿ ನಿರ್ಮಿಸಿ, ಉಳಿದುದನ್ನು ಇಂಗುಗುಂಡಿಗೆ ಬಿಡುವುದು ಪ್ರಾಯೋಗಿಕ ಕ್ರಮ.

ವಿನ್ಯಾಸದ ಅಂಗಗಳು

ಮಧ್ಯರೇಖೆ: ಮುಖ್ಯದ್ವಾರದಿಂದ ಕಟ್ಟಡದ ಪ್ರವೇಶದವರೆಗೆ ನೇರವಾದ ಒಂದು ಮುಖ್ಯ ಹಾದಿಯನ್ನು ಗುರುತಿಸಿ, ಎರಡೂ ಬದಿಗಳನ್ನು ಸಮನಾಗಿ ವಿಂಗಡಿಸಬೇಕು. ಮಳೆನೀರಿನ ಇಳಿಜಾರು ಮತ್ತು ಮಧ್ಯರೇಖೆ ಒಂದೇ ದಿಕ್ಕಿನಲ್ಲಿದ್ದರೆ ಹಾದಿಯ ಪಕ್ಕದ ಕಿರುಗಾಲುವೆಯ ಮೂಲಕ ನೀರನ್ನು ಕೊಳಕ್ಕೆ ತರುವುದು ಸುಲಭ. ಇಳಿಜಾರು ಹೆಚ್ಚಿದ್ದರೆ ಮಣ್ಣನ್ನು ಅಗೆದು ಸಮ ಮಾಡುವ ಬದಲು ಹಂತಹಂತದ ಮಜಲುಗಳನ್ನು ನಿರ್ಮಿಸಬೇಕು.

ಹಾದಿ ಮತ್ತು ಅಂಗಳ: ಆಮದು ಅಮೃತಶಿಲೆಯ ಬದಲು ಸ್ಥಳೀಯ ಸಾದರಹಳ್ಳಿ ಕಲ್ಲಿನ ಚಪ್ಪಡಿಗಳನ್ನು ಮರಳಿನ ಹಾಸಿನ ಮೇಲೆ, ಸಂದುಗಳಿಗೆ ಸಿಮೆಂಟ್ ತುಂಬದೆ ಜೋಡಿಸಿದರೆ ನೀರು ಇಂಗುತ್ತದೆ. ಇಬ್ಬರು ಜೊತೆಯಾಗಿ ನಡೆಯಲು 1.8 ಮೀಟರ್ ಅಗಲ ಸಾಕು.

ನೆರಳು: ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಆಗ ಗೋಡೆಯ ನೆರಳು ಬೀಳುವುದೇ ಇಲ್ಲ. ಆದ್ದರಿಂದ ಮೇಲು ಹೊದಿಕೆಯುಳ್ಳ ಚಪ್ಪರ ಮತ್ತು ಮರಗಳ ಸಾಲು ಇಲ್ಲಿ ಅಲಂಕಾರವಲ್ಲ, ಅವಶ್ಯಕತೆ. ಚಪ್ಪರದ ಎತ್ತರ 2.4 ಮೀಟರ್ ಇರಲಿ. ಸಂಜೆಬಿಸಿಲನ್ನು ತಡೆಯಲು ಪಶ್ಚಿಮ ಮತ್ತು ನೈರುತ್ಯ ದಿಕ್ಕಿಗೆ ದಟ್ಟ ಮರಗಳನ್ನು ನೆಡಬೇಕು.

ಕೊಳ: ಎತ್ತರಕ್ಕೆ ಚಿಮ್ಮುವ ಕಾರಂಜಿಯಲ್ಲಿ ನೀರು ಗಾಳಿಗೆ ಚದುರಿ ನಷ್ಟವಾಗುತ್ತದೆ. ಮೆಟ್ಟಿಲುಗಳುಳ್ಳ ಪುಟ್ಟ ಕಲ್ಯಾಣಿಯ ಮಾದರಿಯಲ್ಲಿ ಕೊಳವನ್ನು ನಿರ್ಮಿಸಿದರೆ ನೀರಿನ ಮಟ್ಟ ಇಳಿದಾಗಲೂ ನೋಟಕ್ಕೆ ಕುಂದಿಲ್ಲ. ಸೊಳ್ಳೆ ಮರಿಗಳನ್ನು ತಿನ್ನುವ ಮೀನುಗಳನ್ನು ಬಿಡಬೇಕು.

ಗಿಡಗಳ ಆಯ್ಕೆ

ಪ್ರಾಚೀನ ಉದ್ಯಾನದ ಪ್ರತಿಯೊಂದು ಗಿಡಕ್ಕೂ ಒಂದು ಕೆಲಸವಿತ್ತು. ಆ ಕೆಲಸವನ್ನು ನಮ್ಮಲ್ಲಿ ಮಾಡಬಲ್ಲ ಗಿಡ ಯಾವುದೆಂದು ಕೇಳಿಕೊಂಡರೆ ಆಯ್ಕೆ ಸುಲಭವಾಗುತ್ತದೆ.

• ಸವರಿದ ಗಿಡ್ಡ ಬೇಲಿಗೆ, ಬಾಕ್ಸ್‌ವುಡ್ ಬದಲು: ಬಂದರಿಕೆ, ಗೋರಂಟಿ, ಕಾಡು ಕರಿಬೇವು, ಡುರಾಂಟ. ಇವುಗಳಲ್ಲಿ ಬಂದರಿಕೆಯು ಕೆಂಪು ಮಣ್ಣಿಗೂ ಬರಕ್ಕೂ ಅತ್ಯಂತ ಹೊಂದಿಕೊಳ್ಳುವ ಗಿಡ.
• ಕಂಬದಂತೆ ನೇರ ನಿಲ್ಲುವ ಸೈಪ್ರಸ್ ಬದಲು: ಸಾಲು ನೆಡಲು ಬಳಸುವ ಕಂಬದಾಕಾರದ ಅಶೋಕ. ಗಿಡದಿಂದ ಗಿಡಕ್ಕೆ 2ರಿಂದ 2.5 ಮೀಟರ್ ಅಂತರವಿರಲಿ.
• ದಟ್ಟ ಹಸಿರಿನ ಲಾರೆಲ್ ಬದಲು: ರಂಜ ಅಥವಾ ಬಕುಳ. ಸವರುವಿಕೆಯನ್ನು ಸಹಿಸುತ್ತದೆ, ಪರಿಮಳದ ಹೂವನ್ನೂ ಕೊಡುತ್ತದೆ.
• ನೆರಳಿನ ಪ್ಲೇನ್ ಮರದ ಬದಲು: ಹೊಂಗೆ, ನೇರಳೆ, ಬೇವು.
• ಸಣ್ಣೆಲೆಯ ಆಲಿವ್ ಬದಲು: ನೆಲ್ಲಿ.
• ಲ್ಯಾವೆಂಡರ್ ಪಾತಿಯ ಬದಲು: ಮರುಗ, ಕಾಮಕಸ್ತೂರಿ ಮತ್ತು ಚಳಿಗಾಲದಲ್ಲಿ ದವನ. ನವೆಂಬರ್‌ನಲ್ಲಿ ಬಿತ್ತಿದ ದವನ ಫೆಬ್ರುವರಿ-ಮಾರ್ಚ್ ವೇಳೆಗೆ ಕೊಯ್ಲಿಗೆ ಬರುತ್ತದೆ.
• ಚಪ್ಪರಕ್ಕೆ: ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ. ರೋಮನ್ ಚಪ್ಪರದ ಬಳ್ಳಿಯೂ ದ್ರಾಕ್ಷಿಯೇ ಆಗಿತ್ತು. ನಿರ್ವಹಣೆಗೆ ಕೈ ಸಾಲದ ಕಡೆ ಮಲ್ಲಿಗೆ ಜಾತಿಯ ಬಳ್ಳಿಗಳು ಸೂಕ್ತ.
• ಹಣ್ಣಿನ ಪಾತಿಗಳಿಗೆ: ದಾಳಿಂಬೆ ಮತ್ತು ಅಂಜೂರ ಎರಡೂ ರೋಮನ್ ಉದ್ಯಾನಗಳಲ್ಲಿದ್ದವು, ನಮ್ಮಲ್ಲೂ ಇವೆ. ಮಾದಳದ ಜಾಗಕ್ಕೆ ದೇವನಹಳ್ಳಿ ಚಕ್ಕೋತ ಸೂಕ್ತ.

ಮೂರು ಎಚ್ಚರಿಕೆಗಳನ್ನು ಇಲ್ಲಿ ಹೇಳಬೇಕಾಗಿದೆ. ಮೊದಲನೆಯದಾಗಿ, ಕಾಡು ಕರಿಬೇವು ಮತ್ತು ಕರಿಬೇವು ಗಿಡಗಳು ನಿಂಬೆ ಜಾತಿಯ ಹಸಿರು ರೋಗವನ್ನು ಹರಡುವ ಸಿಲ್ಲಾ ಕೀಟಕ್ಕೆ ಆಶ್ರಯ ನೀಡುತ್ತವೆ. ಆದ್ದರಿಂದ ಚಕ್ಕೋತ, ನಿಂಬೆ, ಕಿತ್ತಳೆ ಇರುವಲ್ಲಿ ಅಥವಾ ನೆರೆಯಲ್ಲಿ ಅವುಗಳ ತೋಟವಿರುವಲ್ಲಿ ಬೇಲಿಗೆ ಕಾಡು ಕರಿಬೇವನ್ನು ಬಳಸದೆ ಬಂದರಿಕೆಯನ್ನೇ ಆಯ್ದುಕೊಳ್ಳಬೇಕು. ಎರಡನೆಯದಾಗಿ, ಪಾಂಪೆಯ ಭಿತ್ತಿಚಿತ್ರಗಳಲ್ಲಿ ಕಾಣುವ ಕಣಗಿಲೆ ನಮ್ಮ ಹವೆಗೆ ಚೆನ್ನಾಗಿ ಒಗ್ಗುತ್ತದಾದರೂ ಅದರ ಎಲ್ಲ ಭಾಗಗಳೂ ವಿಷಕಾರಿ. ಸವರಿದ ಕಣಗಿಲೆ ಸೊಪ್ಪು ದನಕರುಗಳಿಗೆ ಸಿಗದಂತೆ ವಿಲೇವಾರಿ ಮಾಡಬೇಕು. ಮೂರನೆಯದಾಗಿ, ನೆಲಹೊದಿಕೆಯಾಗಿ ಮಾರಾಟವಾಗುವ ವೆಡೆಲಿಯ ಆಕ್ರಮಣಕಾರಿ ಕಳೆ. ಕಾಲುವೆಗಳ ಮೂಲಕ ಕೆರೆಯಂಗಳ ಮತ್ತು ಹೊಲಗಳಿಗೆ ಹಬ್ಬುತ್ತದೆ. ಅದನ್ನು ಬೆಳೆಸಬಾರದು, ಮಾರಲೂಬಾರದು.

ಮಣ್ಣಿನ ಸಿದ್ಧತೆ

ಕಟ್ಟಡ ಮುಗಿದ ಮೇಲೆ ಆವರಣದಲ್ಲಿ ಉಳಿಯುವುದು ಭಾರಿ ಯಂತ್ರಗಳಿಂದ ಗಟ್ಟಿಯಾದ ಕೆಳಮಣ್ಣು ಮತ್ತು ಸಿಮೆಂಟಿನ ಕಸ. ಸಿಮೆಂಟ್ ಮತ್ತು ಸುಣ್ಣದ ಅಂಶದಿಂದ ಮಣ್ಣು ಕ್ಷಾರೀಯವಾಗುತ್ತದೆ. ಇದನ್ನು ಸರಿಪಡಿಸಲು ಹಳ್ಳಿಯ ಹೊಲದ ಮೇಲ್ಮಣ್ಣನ್ನು ಲಾರಿಗಳಲ್ಲಿ ತರಿಸುವ ಪದ್ಧತಿಯುಂಟು. ಇದು ಒಂದು ಕಡೆಯ ಉದ್ಯಾನಕ್ಕಾಗಿ ಇನ್ನೊಂದು ಕಡೆಯ ಹೊಲವನ್ನು ಬರಿದು ಮಾಡಿದಂತೆ.

ಸರಿಯಾದ ಕ್ರಮವೆಂದರೆ, ನಿರ್ಮಾಣ ಆರಂಭಿಸುವ ಮುನ್ನವೇ ಆವರಣದ ಮೇಲಿನ 15ರಿಂದ 20 ಸೆಂ.ಮೀ. ಮಣ್ಣನ್ನು ತೆಗೆದು, 1.5 ಮೀಟರಿಗಿಂತ ಎತ್ತರವಾಗದ ರಾಶಿ ಮಾಡಿ, ಅದರ ಮೇಲೆ ಹುರುಳಿ ಅಥವಾ ಸೆಣಬು ಬಿತ್ತಿ ಕಾಪಾಡುವುದು. ನಿರ್ಮಾಣ ಮುಗಿದ ಮೇಲೆ ನೆಲವನ್ನು 45 ಸೆಂ.ಮೀ. ಆಳಕ್ಕೆ ಸಡಿಲಿಸಿ, ಕಸವನ್ನು ಆರಿಸಿ, ಉಳಿಸಿದ ಮಣ್ಣನ್ನು ಹರಡಿ, ಚದರ ಮೀಟರಿಗೆ 5ರಿಂದ 10 ಕಿ.ಗ್ರಾಂ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಸೇರಿಸಬೇಕು. ಮಣ್ಣು ಪರೀಕ್ಷೆ ಮಾಡಿಸದೆ ರಾಸಾಯನಿಕ ಗೊಬ್ಬರ ಹಾಕಬಾರದು.

ನಾಟಿ ಮತ್ತು ನಿರ್ವಹಣೆ

ಮರಗಳಿಗೆ 1 ಮೀಟರ್ ಉದ್ದ, ಅಗಲ, ಆಳದ ಗುಂಡಿಗಳನ್ನೂ ಪೊದೆಗಿಡಗಳಿಗೆ 45 ಸೆಂ.ಮೀ. ಗುಂಡಿಗಳನ್ನೂ ಏಪ್ರಿಲ್-ಮೇ ತಿಂಗಳಲ್ಲಿ ತೆಗೆದು ಬಿಸಿಲಿಗೆ ಬಿಡಬೇಕು. ಜೂನ್-ಜುಲೈ ನಾಟಿಗೆ ಸೂಕ್ತ ಕಾಲ. ಬೇಲಿಗೆ 30 ಸೆಂ.ಮೀ. ಅಂತರದಲ್ಲಿ ಎರಡು ಸಾಲುಗಳನ್ನು, ಒಂದು ಸಾಲಿನ ಗಿಡ ಇನ್ನೊಂದರ ಎರಡು ಗಿಡಗಳ ನಡುವೆ ಬರುವಂತೆ ನೆಡಬೇಕು. 100 ಮೀಟರ್ ಬೇಲಿಗೆ ಸುಮಾರು 670 ಸಸಿಗಳು ಬೇಕು. ಸತ್ತವುಗಳ ಜಾಗ ತುಂಬಲು ಶೇ. 10ರಷ್ಟು ಸಸಿಗಳನ್ನು ಹೆಚ್ಚುವರಿಯಾಗಿ ಅದೇ ಮಣ್ಣಿನಲ್ಲಿ ಬೆಳೆಸಿಟ್ಟುಕೊಳ್ಳಬೇಕು.

ಬೇಲಿಯನ್ನು ಮೊದಲ ವರ್ಷ ನೆಲದಿಂದ 15 ಸೆಂ.ಮೀ. ಎತ್ತರಕ್ಕೆ ಸವರಿದರೆ ಬುಡದಿಂದಲೇ ಕವಲೊಡೆದು ದಟ್ಟವಾಗುತ್ತದೆ. ಬೇಲಿಯ ಬುಡ ಅಗಲವಾಗಿಯೂ ಮೇಲ್ಭಾಗ ತುಸು ಕಿರಿದಾಗಿಯೂ ಇದ್ದರೆ ಕೆಳಗಿನ ಎಲೆಗಳಿಗೂ ಬೆಳಕು ಸಿಗುತ್ತದೆ. ಮಾರ್ಚ್‌ನಿಂದ ಮೇ ಮಧ್ಯದವರೆಗೆ ಆಳವಾಗಿ ಸವರಬಾರದು. ಹೊಸ ಚಿಗುರಿಗೆ ಹೆಚ್ಚು ನೀರು ಬೇಕಾಗುತ್ತದೆ. ಸವರಿದ ಸೊಪ್ಪನ್ನು, ಕಣಗಿಲೆಯನ್ನು ಹೊರತುಪಡಿಸಿ, ಕತ್ತರಿಸಿ ಪಾತಿಗಳಿಗೆ 5ರಿಂದ 8 ಸೆಂ.ಮೀ. ದಪ್ಪ ಹೊದಿಕೆಯಾಗಿ ಹಾಸಬೇಕು. ದ್ರಾಕ್ಷಿಬಳ್ಳಿಗೆ ಮಳೆಗಾಲದಲ್ಲಿ ಬೂಜು ರೋಗ ಕಂಡುಬಂದರೆ ಶೇ. 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕು.

ಸಂಸ್ಕರಿಸಿದ ನೀರಿನ ಬಳಕೆ

ಸಂಸ್ಕರಿಸಿದ ನೀರಿನಲ್ಲಿ ಲವಣಾಂಶ ಹೆಚ್ಚಿರುವ ಸಾಧ್ಯತೆಯಿದೆ. ನೀರಿನ ವಿದ್ಯುತ್ ವಾಹಕತೆ ಮೀಟರಿಗೆ 0.7 ಡೆಸಿಸೀಮನ್ಸ್‌ಗಿಂತ ಕಡಿಮೆಯಿದ್ದರೆ ನಿರ್ಬಂಧವಿಲ್ಲ, 0.7ರಿಂದ 3ರವರೆಗೆ ಎಚ್ಚರಿಕೆಯಿಂದ ಬಳಸಬಹುದು. 3ಕ್ಕಿಂತ ಹೆಚ್ಚಿದ್ದರೆ ಬಳಸಬಾರದು. ವರ್ಷಕ್ಕೆರಡು ಬಾರಿ ನೀರು ಮತ್ತು ಮಣ್ಣನ್ನು ಪರೀಕ್ಷಿಸಬೇಕು. ಈ ನೀರನ್ನು ತುಂತುರು ವಿಧಾನದಲ್ಲಿ ಹಾರಿಸದೆ, ಹೊದಿಕೆಯ ಕೆಳಗೆ ಹಾಸಿದ ಹನಿ ನಳಿಕೆಗಳ ಮೂಲಕ ಬುಡಕ್ಕೆ ಕೊಡಬೇಕು. ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗಳಿಗೆ ಬಳಸಬಾರದು. ಹಣ್ಣಿನ ಪಾತಿ ಮತ್ತು ದ್ರಾಕ್ಷಿ ಚಪ್ಪರಕ್ಕೆ ಸಂಗ್ರಹಿಸಿದ ಮಳೆನೀರನ್ನು ಮೀಸಲಿಡುವುದು ಒಳ್ಳೆಯದು.

ಪೀಣ್ಯದಂತಹ ಕೈಗಾರಿಕಾ ಪ್ರದೇಶಕ್ಕೆ ಪ್ರತ್ಯೇಕ ನಿಯಮಗಳು ಬೇಕು. ಕೊಳವೆಬಾವಿ ನೀರು ಮತ್ತು ಮಣ್ಣಿನಲ್ಲಿ ಕ್ರೋಮಿಯಂ ಮೊದಲಾದ ಭಾರಲೋಹಗಳ ಪರೀಕ್ಷೆ ಆಗುವವರೆಗೆ ಅಲ್ಲಿ ತಿನ್ನುವ ಯಾವುದನ್ನೂ ಬೆಳೆಯಬಾರದು. ರಾಸಾಯನಿಕ ಬಳಸುವ ಅಂಗಳದ ನೀರನ್ನು ಇಂಗುಗುಂಡಿಗಾಗಲಿ ಕೊಳವೆಬಾವಿಗಾಗಲಿ ಬಿಡಬಾರದು. ಶುದ್ಧ ಚಾವಣಿ ನೀರನ್ನು ಮಾತ್ರ, ಮೊದಲ ಮಳೆಯ ನೀರನ್ನು ಹೊರಹಾಕಿದ ಮೇಲೆ, ಇಂಗಿಸಬೇಕು. ಕೈಗಾರಿಕಾ ತ್ಯಾಜ್ಯನೀರನ್ನು ಉದ್ಯಾನದ ಹೆಸರಿನಲ್ಲಿ ನೆಲಕ್ಕೆ ಹರಿಸುವುದು ಗಂಭೀರ ಅಪರಾಧ.

ರೈತರಿಗೆ ಅವಕಾಶಗಳು

ಆನೇಕಲ್, ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ತಾಲ್ಲೂಕುಗಳ ರೈತರಿಗೆ ಈ ಶೈಲಿಯ ಉದ್ಯಾನಗಳು ಆದಾಯದ ಮೂಲವಾಗಬಲ್ಲವು. ಸಮಮಿತಿಯ ವಿನ್ಯಾಸಕ್ಕೆ ಒಂದೇ ಎತ್ತರ, ಒಂದೇ ಬಣ್ಣ, ಒಂದೇ ಬೆಳವಣಿಗೆಯ ಸಸಿಗಳು ಬೇಕು. ಹತ್ತು ಕಡೆಯಿಂದ ಕೂಡಿಸಿ ತಂದ ಸಸಿಗಳಿಂದ ಇದು ಸಾಧ್ಯವಿಲ್ಲ. ಗೋರಂಟಿ, ಡುರಾಂಟಗಳನ್ನು ಒಂದೇ ತಾಯಿಗಿಡದ ಕಡ್ಡಿಗಳಿಂದ ಬೆಳೆಸಿ, ಎತ್ತರದ ಪ್ರಕಾರ ವಿಂಗಡಿಸಿ, ಒಂದೇ ತಂಡವಾಗಿ ಪೂರೈಸುವ ಸಸ್ಯಪಾಲಕರಿಗೆ ಉತ್ತಮ ಬೆಲೆ ದೊರೆಯುತ್ತದೆ. ಇದಕ್ಕೆ ಕನಿಷ್ಠ 8ರಿಂದ 12 ತಿಂಗಳ ಮುಂಗಡ ಬೇಡಿಕೆ ಬೇಕು. ಆದ್ದರಿಂದ ಸಸಿಗಳ ಸಂಖ್ಯೆ, ಎತ್ತರ, ಪೂರೈಕೆಯ ತಿಂಗಳು, ಮುಂಗಡ ಹಣ ಹಾಗೂ ಸತ್ತ ಸಸಿಗಳ ಬದಲಿ ಪೂರೈಕೆಯ ಮಿತಿ ಇವುಗಳನ್ನು ಲಿಖಿತ ಒಪ್ಪಂದದಲ್ಲಿ ನಮೂದಿಸಬೇಕು. ಸಸಿಗಳ ಬದಲಿ ಹೊಣೆಯು ನಾಟಿ ಮಾಡಿದವರು ನೀರು ಕೊಟ್ಟು ಪಾಲಿಸಿದ್ದರೆ ಮಾತ್ರ ಅನ್ವಯಿಸುತ್ತದೆ ಎಂಬ ಷರತ್ತನ್ನು ರೈತರು ಕೇಳಿ ಬರೆಸಿಕೊಳ್ಳಬೇಕು.

ಹುಲ್ಲುಹಾಸನ್ನು ಬೆಳೆದು ಚಾಪೆಯಂತೆ ಕತ್ತರಿಸಿ ಮಾರುವ ರೈತರು ಒಂದು ಲೆಕ್ಕವನ್ನು ತಿಳಿದಿರಬೇಕು. ಪ್ರತಿ ಕೊಯ್ಲಿನಲ್ಲಿ 2 ಸೆಂ.ಮೀ. ಪದರ ಹೋದರೆ, ಎಕರೆಗೆ ಸುಮಾರು 80 ಘನ ಮೀಟರ್ ಮಣ್ಣು ಮತ್ತು ಬೇರಿನ ಪದರ ಹೊರಹೋಗುತ್ತದೆ. ಕೆಲವೇ ಕೊಯ್ಲುಗಳಲ್ಲಿ ಹೊಲದ ಫಲವತ್ತಾದ ಮೇಲ್ಮಣ್ಣು ಮುಗಿಯುತ್ತದೆ. ಆ ಬಳಿಕ ರಾಗಿಯೂ ಸರಿಯಾಗಿ ಬಾರದು. ಹುಲ್ಲನ್ನು ಬೆಳೆಯಲೇಬೇಕಾದರೆ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಂಗಿನ ನಾರಿನ ಪುಡಿ ಮತ್ತು ಕಾಂಪೋಸ್ಟ್ ಹಾಸಿ ಬೆಳೆಸುವುದು, ಅಥವಾ ಚಾಪೆಯ ಬದಲು ಬೇರು ತುಂಡುಗಳನ್ನು ಮಾರುವುದು ಲೇಸು. ಬಂದ ಹಣದಲ್ಲಿ ಹೋದ ಮಣ್ಣಿನ ಬೆಲೆಯನ್ನು ಕಳೆದು ನೋಡಿದ ಮೇಲೆಯೇ ಲಾಭವೆಷ್ಟೆಂದು ನಿರ್ಧರಿಸಬೇಕು.

ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದ ಅಂಶಗಳು

ಸಂಸ್ಥೆಗಳಾಗಲಿ ವಸತಿ ಸಂಘಗಳಾಗಲಿ ಸಲಹೆ ಕೇಳಿದಾಗ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಪಡೆದ ನಂತರವೇ ವಿನ್ಯಾಸಕ್ಕೆ ಸಮ್ಮತಿ ಸೂಚಿಸಬೇಕು.

1. ಏಪ್ರಿಲ್ ತಿಂಗಳಲ್ಲಿ ದಿನಕ್ಕೆ ಎಷ್ಟು ಸಂಸ್ಕರಿಸಿದ ನೀರು ಲಭ್ಯವಿದೆ?
2. ಹುಲ್ಲುಹಾಸು ಒಟ್ಟು ಜಾಗದ ಹತ್ತನೇ ಒಂದು ಭಾಗವನ್ನು ಮೀರಿದೆಯೇ?
3. ಮಣ್ಣನ್ನು ಎಲ್ಲಿಂದ ತರಲಾಗುತ್ತಿದೆ?
4. ಮಣ್ಣು ಮತ್ತು ನೀರಿನ ಪರೀಕ್ಷಾ ವರದಿಗಳಿವೆಯೇ?
5. ಬೇಲಿ ಸವರಲು ತರಬೇತಿ ಪಡೆದ ಕೆಲಸಗಾರರಿದ್ದಾರೆಯೇ?
6. ಆವರಣದಿಂದ ಹೊರಹರಿಯುವ ನೀರು ಯಾವ ಕೆರೆಗೆ ಸೇರುತ್ತದೆ?

ಮುಕ್ತಾಯ

ತೊಟ್ಟಿಗೆ ಬಿದ್ದ ಮಳೆ, ಚಪ್ಪರಕ್ಕೆ ಹಬ್ಬಿದ ದ್ರಾಕ್ಷಿ, ಅಳತೆಗೆ ತಕ್ಕಂತೆ ಸವರಿದ ಬೇಲಿ ಇವುಗಳಿಂದ ಪ್ರಾಚೀನ ರೋಮಿನ ಉದ್ಯಾನ ಸೊಗಸಾಗಿತ್ತು. ಈ ಮೂರನ್ನೂ ಬಂದರಿಕೆ, ಬಕುಳ, ಬೆಂಗಳೂರು ನೀಲಿ ದ್ರಾಕ್ಷಿ ಮತ್ತು ಸಾದರಹಳ್ಳಿ ಕಲ್ಲಿನಿಂದ ವೈಟ್‌ಫೀಲ್ಡ್‌ನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಸಾಧಿಸಬಹುದು. ಪೀಣ್ಯದಲ್ಲಿ ಪರೀಕ್ಷಾ ವರದಿ ಬರುವವರೆಗೆ ದ್ರಾಕ್ಷಿಯ ಬದಲು ಮಲ್ಲಿಗೆ ಬಳ್ಳಿಯಿರಲಿ. ಆವರಣದ ನೀರು ಆವರಣದಲ್ಲಿಯೇ ಉಳಿದು, ಹೊಲದ ಮಣ್ಣು ಹೊಲದಲ್ಲಿಯೇ ಉಳಿದರೆ ಇಂತಹ ಉದ್ಯಾನ ಸಂಸ್ಥೆಗೂ ಸಸಿ ಬೆಳೆದ ರೈತರಿಗೂ ಹಿತಕಾರಿ. ಹೆಚ್ಚಿನ ಮಾಹಿತಿಗೆ ಹಾಗೂ ಮಣ್ಣು ಮತ್ತು ನೀರಿನ ಪರೀಕ್ಷೆಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯನ್ನು ಸಂಪರ್ಕಿಸಬಹುದು.